ಮಂಡ್ಯದ ಹಾಳೆ, ಹೈದರಾಬಾದಿನ ಗಡಿಯಾರ

ಹೈದರಾಬಾದಿನಲ್ಲಿ ಇಂಟರ್, ಅಂದರೆ ನಮ್ಮ ಪಿಯುಸಿ, ಓದುವ ಮಕ್ಕಳ ತಂದೆತಾಯಂದಿರು ಎದುರಾದರೆ, ಕುಶಲ ವಿಚಾರಿಸಿದ ಬೆನ್ನಿಗೇ ಬರುವ ಮಾತು ನಿಮ್ಮ ಮಗು ದಿನಕ್ಕೆ ಎಷ್ಟು ಬಿಟ್ ಮಾಡುತ್ತದೆ ಎನ್ನುವುದು. ಬಹು ಆಯ್ಕೆಯ ಪ್ರಶ್ನೆಗೆ ಇಲ್ಲಿ ಬಿಟ್ ಎಂದೇ ಹೆಸರು. ನೂರು ಎಂದವರು ಸ್ವಲ್ಪ ಕುಗ್ಗುತ್ತಾರೆ, ಇನ್ನೂರು ಎಂದವರು ಬೀಗುತ್ತಾರೆ. ಮಂಡ್ಯದಲ್ಲಿ ಇದೇ ಸಂದರ್ಭಕ್ಕೆ ಬರುತ್ತಿದ್ದ ಮಾತು ಬೇರೆ: ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನೆಲ್ಲ ಬರೆದು ಮುಗಿಸಿದ್ದಾಯಿತೇ? ಆದರೆ ಈಚೆಗೆ ಊರಿಗೆ ಹೋದಾಗಲೆಲ್ಲ ಮಂಡ್ಯದಲ್ಲೂ ಮೈಸೂರಿನಲ್ಲೂ ಎಣಿಕೆಯ ಮಾತೇ ಕಿವಿಗೆ ಬೀಳುತ್ತಿದೆ. ಮೈಸೂರಿನ ಸರಸ್ವತಿಪುರಂ, ಕುವೆಂಪುನಗರಗಳ ಕಡೆ ನಿವೃತ್ತ ಉಪನ್ಯಾಸಕರು ಬೆಳಗಿನ ಜಾವ ಪಡಸಾಲೆಯಲ್ಲಿ ಚಾಪೆ ಹಾಸಿ ಹೇಳಿಕೊಡುತ್ತಿದ್ದ ಮನೆಪಾಠಕ್ಕಿಂತ, ರ‍್ಯಾಂಕ್ ಬಂದ ಮಕ್ಕಳ ಮುಖ ಸಾಲಾಗಿ ಅಂಟಿಸಿದ ಫಲಕಗಳಿಗೆ ಈಗ ಬೆಲೆ. ಆ ಫಲಕಗಳ ತವರಿನಲ್ಲಿ ವರ್ಷಗಟ್ಟಲೆ ಬಾಳಿದವನಾಗಿ, ಮಗಳನ್ನು ಅಲ್ಲೇ ಇಂಟರ್ ಓದಿಸಿದವನಾಗಿ, ನಾನು ಹೇಳುವುದಿಷ್ಟೇ: ನಮ್ಮವರು ಹೈದರಾಬಾದಿನಿಂದ ತರಬೇಕಾದದ್ದನ್ನು ಬಿಟ್ಟು, ಬಿಡಬೇಕಾದದ್ದನ್ನು ಹೊತ್ತು ತರುತ್ತಿದ್ದಾರೆ.

ಎರಡೂ ಕಡೆಯ ಅಭ್ಯಾಸ ಹೀಗೇಕೆ ಬೆಳೆಯಿತು ಎನ್ನುವುದಕ್ಕೆ ಪರೀಕ್ಷೆಯೇ ಕಾರಣ, ಮಕ್ಕಳ ಬುದ್ಧಿಯಲ್ಲ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸೀಟಿನ ರ‍್ಯಾಂಕಿಗೆ ದ್ವಿತೀಯ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಂತ ಹಂತವಾಗಿ ಉತ್ತರ ಬರೆಯಲು ಬಾರದವನಿಗೆ ಮೊದಲರ್ಧದಲ್ಲೇ ಪೆಟ್ಟು. ತೆಲಂಗಾಣದಲ್ಲಿ ಪ್ರವೇಶ ಪರೀಕ್ಷೆಯ ರ‍್ಯಾಂಕಿಗೆ ಇಂಟರ್ ಅಂಕದ ಶೇಕಡಾ 25ರಷ್ಟು ಪಾಲು ಇತ್ತು. 2023ರಲ್ಲಿ ಅದನ್ನೂ ತೆಗೆದುಹಾಕಿದರು. ಅಲ್ಲಿಗೆ ಉದ್ದನೆಯ ಉತ್ತರಕ್ಕಿದ್ದ ಕೊನೆಯ ಬೆಲೆಯೂ ಹೋಯಿತು. ಉಳಿದದ್ದು ಗಡಿಯಾರ ಒಂದೇ.

ಗಡಿಯಾರದ ಲೆಕ್ಕವನ್ನೇ ನೋಡಿ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡು. ತೆಲಂಗಾಣದ ಪ್ರವೇಶ ಪರೀಕ್ಷೆಯಾದ ಎಪ್‌ಸೆಟ್‌ನಲ್ಲಿ ಗಣಿತ 80, ಭೌತಶಾಸ್ತ್ರ 40, ರಸಾಯನಶಾಸ್ತ್ರ 40, ಒಟ್ಟು 160 ಪ್ರಶ್ನೆಗೆ ಮೂರು ಗಂಟೆ. ಪ್ರಶ್ನೆಗೆ ಬರುವುದು ಅರವತ್ತೇಳೂವರೆ ಸೆಕೆಂಡು. ರಾಷ್ಟ್ರಮಟ್ಟದ ಜೆಇಇ ಮೇನ್‌ನಲ್ಲಿ ಅದೇ ಮೂರು ಗಂಟೆಗೆ 75 ಪ್ರಶ್ನೆ, ಅಂದರೆ ಒಂದಕ್ಕೆ 144 ಸೆಕೆಂಡು. ಮೂರರಲ್ಲಿ ಕಠಿಣವಾದ ಪರೀಕ್ಷೆಯೇ ಯೋಚಿಸಲು ಹೆಚ್ಚು ಹೊತ್ತು ಕೊಡುತ್ತದೆ ಎನ್ನುವುದನ್ನು ನಮ್ಮ ಪಾಲಕರು ಗಮನಿಸುವುದೇ ಇಲ್ಲ. ಜೆಇಇ ಬರೆಯುವ ಹುಡುಗನಿಗೆ ಎಪ್‌ಸೆಟ್ ವೇಗದ ಬಿಟ್ ಕಟ್ಟುಗಳನ್ನು ತಂದುಕೊಡುವುದೆಂದರೆ ಎತ್ತು ಏರಿಗೆ, ಕೋಣ ನೀರಿಗೆ.

ಮಾತಿಗಿಂತ ಒಂದು ಲೆಕ್ಕವೇ ಇದನ್ನು ಚೆನ್ನಾಗಿ ತೋರಿಸುತ್ತದೆ. ಮಂಡ್ಯದ ಸುಭಾಷ್ ನಗರದಲ್ಲಿರುವ ಅಕ್ಕನ ಮನೆಯಲ್ಲಿ, ಪಿಯುಸಿ ಓದುವ ಅಕ್ಕನ ಮಗನೂ ಇಂಟರ್ ಮುಗಿಸಿದ ನನ್ನ ಮಗಳೂ ಒಂದೇ ಮೇಜಿನ ಎದುರುಬದುರು ಕೂತಿದ್ದರು. ಪಿಯುಸಿ ಗಣಿತದಲ್ಲಿ ಮತ್ತೆ ಮತ್ತೆ ಬರುವ ಒಂದು ನಿಶ್ಚಿತ ಅನುಕಲನವನ್ನು ಇಬ್ಬರಿಗೂ ಕೊಟ್ಟೆ. ಅಂಶದಲ್ಲಿ ಸೈನ್‌ನ ವರ್ಗಮೂಲ. ಛೇದದಲ್ಲಿ ಸೈನ್‌ನ ವರ್ಗಮೂಲ ಮತ್ತು ಕೊಸೈನ್‌ನ ವರ್ಗಮೂಲಗಳ ಮೊತ್ತ. ಮಿತಿಗಳು ಸೊನ್ನೆಯಿಂದ ಪೈ ಬೈ 2. ನಾನು ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಮಗಳು "ಪೈ ಬೈ 4" ಎಂದಳು. ಮಿತಿಗಳ ವ್ಯತ್ಯಾಸದ ಅರ್ಧ: ಅವಳಿಗೆ ಕಲಿಸಿದ್ದೇ ಹಾಗೆ. ಹುಡುಗ ಮಾತ್ರ ಅಂಚು ಗೆರೆ ಎಳೆದು, ಮೊದಲು ಅನುಕಲನದ ಗುಣವನ್ನು ಸಾಧಿಸಿ, ಚರದ ಜಾಗದಲ್ಲಿ ಪೈ ಬೈ 2ರಿಂದ ಚರವನ್ನು ಕಳೆದು ಬರೆದು, ಸೈನ್ ಕೊಸೈನ್ ಆಗಿ ಕೊಸೈನ್ ಸೈನ್ ಆಗುವುದನ್ನು ತೋರಿಸಿ, ಎರಡೂ ಸಮೀಕರಣಗಳನ್ನು ಕೂಡಿಸಿ, ಪುಟ ತುಂಬುವ ಹೊತ್ತಿಗೆ ಅದೇ ಉತ್ತರಕ್ಕೆ ಬಂದು, ಅದರ ಕೆಳಗೆ ಎರಡು ಗೆರೆ ಎಳೆದ.

ಆಮೇಲೆ ಮೇಲಿನ ಮಿತಿಯನ್ನಷ್ಟೇ ಬದಲಿಸಿ ಪೈ ಬೈ 3 ಮಾಡಿದೆ. ಮಗಳು ತಡವರಿಸಲಿಲ್ಲ: "ಪೈ ಬೈ 6." ಹುಡುಗ ಎರಡನೆಯ ಸಾಲಿಗೆ ಬಂದವನು ನಿಂತ. "ಮಾವ, ಇಲ್ಲಿ ಸೈನ್ ಕೊಸೈನ್ ಆಗುವುದಿಲ್ಲ. ಪ್ರಶ್ನೆಯೇ ತಪ್ಪು" ಎಂದ.

ಪ್ರಶ್ನೆ ತಪ್ಪಾಗಿರಲಿಲ್ಲ. ಆ ಉಪಾಯ ನಡೆಯುವುದು ಎರಡು ಮಿತಿಗಳ ಮೊತ್ತ ಪೈ ಬೈ 2 ಆದಾಗ ಮಾತ್ರ, ಇಲ್ಲಿ ಆಗಿರಲಿಲ್ಲ. ಮಗಳು ಷರತ್ತನ್ನು ನೋಡಲೇ ಇಲ್ಲ, ಏಕೆಂದರೆ ಅವಳು ಬಿಡಿಸಿದ ನೂರಾರು ಬಿಟ್‌ಗಳಲ್ಲಿ ಷರತ್ತು ಮುರಿದ ಲೆಕ್ಕ ಒಂದೂ ಇರಲಿಲ್ಲ. ಅಕ್ಕನ ಮಗನ ಕೈ ಷರತ್ತನ್ನು ಪತ್ತೆಹಚ್ಚಿತು, ಆದರೆ ಹಳೆಯ ಪತ್ರಿಕೆಗಳಲ್ಲಿ ಕಾಣದ ಪ್ರಶ್ನೆ ಪ್ರಶ್ನೆಯೇ ಅಲ್ಲ ಎಂದು ಅವನ ತಲೆ ತೀರ್ಮಾನಿಸಿಬಿಟ್ಟಿತು. ಕೆಳಗಿನ ಮಿತಿಯನ್ನು ಪೈ ಬೈ 6 ಮಾಡಿದಾಗ ಅವನ ಮುಖ ಅರಳಿತು. ಮೊತ್ತ ಮತ್ತೆ ಪೈ ಬೈ 2, ಉತ್ತರ ಪೈ ಬೈ 12. ಈ ಸಲ ಮಗಳು ಅವನ ಹಾಳೆಯ ಎರಡನೆಯ ಸಾಲನ್ನು ಇಣುಕಿ ನೋಡಿದ ಮೇಲೆಯೇ ಬಾಯಿ ತೆರೆದಳು.

ಇದನ್ನು ಕಂಡ ಮೇಲೆ ನನ್ನ ಒಲವು ಹಾಳೆಯ ಕಡೆಗೇ. ಬರೆದವನಿಗೆ ತಾನು ಎಲ್ಲಿ ನಿಂತೆ ಎಂದಾದರೂ ಗೊತ್ತಾಗುತ್ತದೆ; ಗುರುತು ಹಾಕಿದವನಿಗೆ ತಪ್ಪಾಯಿತೆಂದು ಮಾತ್ರ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಅಭ್ಯಾಸ ಮಾಡುವ ಮಕ್ಕಳದ್ದು ಇನ್ನೂ ಕಷ್ಟ. ತಪ್ಪು ಉತ್ತರಕ್ಕೆ ಕೆಂಪು ಬಣ್ಣ ಬಂದೊಡನೆ ಪರಿಹಾರದ ಗುಂಡಿ ಒತ್ತುತ್ತಾರೆ, ಓದಿ ತಲೆಯಾಡಿಸುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಓದಿದ್ದು ಅರ್ಥವಾಯಿತು ಎನ್ನುವುದಕ್ಕೂ ತಾನೇ ಬಿಡಿಸಬಲ್ಲೆ ಎನ್ನುವುದಕ್ಕೂ ಇರುವ ಅಂತರ ಪರೀಕ್ಷೆಯ ದಿನವೇ ಬಯಲಾಗುವುದು.

ಹಾಗೆಂದು ಮಂಡ್ಯದ ಪದ್ಧತಿಯನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಾಗಿಲ್ಲ. ಅಲ್ಲಿ ಪ್ರಶ್ನೆಪತ್ರಿಕೆಯ ನೀಲನಕ್ಷೆಯ ಕಾಟ. ಯಾವ ಅಧ್ಯಾಯಕ್ಕೆ ಎಷ್ಟು ಅಂಕ, ಯಾವ ಸಂಖ್ಯೆಯ ಪ್ರಶ್ನೆ ಎಲ್ಲಿಂದ ಬರುತ್ತದೆ ಎನ್ನುವುದೆಲ್ಲ ಮಕ್ಕಳಿಗೆ ಬಾಯಿಪಾಠ. "ಈ ಅಧ್ಯಾಯದಿಂದ ಎರಡೇ ಅಂಕ, ಬಿಡು" ಎಂದು ಉಪನ್ಯಾಸಕರೇ ಹೇಳುವುದನ್ನು ಕೇಳಿದ್ದೇನೆ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸುರುಳಿ ಕಟ್ಟಿನ ಪ್ರಶ್ನೆಕೋಠಿಯೂ ಹಾಗೆಯೇ: ಎರಡು ಅಂಕದವು ಒಂದು ಕಡೆ, ಐದು ಅಂಕದವು ಇನ್ನೊಂದು ಕಡೆ, ಅವುಗಳಲ್ಲೂ ಅಧ್ಯಾಯದ ಪ್ರಕಾರ. ಪುಟದ ನೆತ್ತಿಯ ಮೇಲೆ ಅಧ್ಯಾಯದ ಹೆಸರು ಅಚ್ಚಾಗಿದ್ದರೆ, ಯಾವ ಸೂತ್ರ ಹಾಕಬೇಕು ಎಂಬ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಆ ಅರ್ಧ ಕೆಲಸಕ್ಕೆ ಎಷ್ಟು ಬೆಲೆ ಎನ್ನುವುದನ್ನು ಅಳೆದವರಿದ್ದಾರೆ. ಅಮೆರಿಕದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಕಾಲೇಜು ವಿದ್ಯಾರ್ಥಿಗಳಿಗೆ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಕೊಟ್ಟು, 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಒಂದು ಬಗೆಯ ಲೆಕ್ಕ ಮುಗಿದ ಮೇಲೆ ಇನ್ನೊಂದು ಬಗೆ. ಮತ್ತೊಂದು ಗುಂಪಿಗೆ ಎಲ್ಲವನ್ನೂ ಕಲಸಿ. ಅಭ್ಯಾಸದ ಹೊತ್ತಿನಲ್ಲಿ ಬಗೆ ಬಗೆಯಾಗಿ ಮಾಡಿದವರು ಶೇಕಡಾ 89 ಸರಿ, ಕಲಸಿ ಮಾಡಿದವರು ಶೇಕಡಾ 60. ಒಂದು ವಾರ ಬಿಟ್ಟು ಪರೀಕ್ಷೆ ಕೊಟ್ಟಾಗ ಮೊದಲನೆಯವರು 20ಕ್ಕೆ ಕುಸಿದರು, ಎರಡನೆಯವರು 63ರಲ್ಲಿ ನಿಂತರು. ಮಗ ಮನೆಯಲ್ಲಿ ಎಲ್ಲ ಸರಿ ಮಾಡುತ್ತಾನೆ, ಪರೀಕ್ಷೆಯಲ್ಲಿ ಮಾತ್ರ ಎಡವುತ್ತಾನೆ ಎಂದು ಕೊರಗುವ ತಾಯಂದಿರು ಈ ನಾಲ್ಕು ಅಂಕಿಗಳನ್ನು ಒಮ್ಮೆ ನೋಡಬೇಕು.

ಹೈದರಾಬಾದಿನಿಂದ ತರಬೇಕಾದದ್ದು ಇರುವುದು ಇಲ್ಲಿಯೇ. ದಿನದ ಬಿಟ್ ಕಟ್ಟು ಅಧ್ಯಾಯವಾರು ಇರಬಹುದು, ಆದರೆ ಅಲ್ಲಿನ ವಾರದ ಪರೀಕ್ಷೆ ಹಾಗಲ್ಲ. ಮಗಳ ಕಾಲೇಜಿನಲ್ಲಿ ಆ ವಾರದ ಪಾಠದ ಜೊತೆಗೆ ತಿಂಗಳುಗಳ ಹಿಂದೆ ಮುಗಿಸಿದ್ದನ್ನೂ ಬೆರೆಸಿ ಕೊಡುತ್ತಿದ್ದರು. ಸ್ಥಿರವಿದ್ಯುತ್ತಿನ ಪಕ್ಕದಲ್ಲಿ ಉಷ್ಣಗತಿವಿಜ್ಞಾನ, ಅದರ ಪಕ್ಕದಲ್ಲಿ ಮೊದಲ ವರ್ಷದ ಘರ್ಷಣೆ. ಮರುದಿನ ತಪ್ಪಾದ ಪ್ರಶ್ನೆಗಳನ್ನು ಬೇರೊಂದು ನೋಟ್‌ಬುಕ್ಕಿಗೆ ಇಳಿಸಿ, ಎದುರಿಗೆ ಕಾರಣ ಬರೆಯಬೇಕು: ಸೂತ್ರ ಮರೆತದ್ದೇ, ಚಿಹ್ನೆ ತಪ್ಪಿದ್ದೇ, ಪ್ರಶ್ನೆಯನ್ನೇ ಓದದೆ ಹೋದದ್ದೇ. ಮಗಳ ಆ ನೋಟ್‌ಬುಕ್ಕಿನಲ್ಲಿ "ಓದದೆ ಹೋದದ್ದು" ಎನ್ನುವುದೇ ಪುಟಗಟ್ಟಲೆ ಇತ್ತು. ಇನ್ನು ಫಲಿತಾಂಶದ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಅಂಕ ಇಳಿದವರನ್ನು ಹಿಂದಿನ ಬೆಂಚಿಗೆ, ಬೇರೆ ವಿಭಾಗಕ್ಕೆ ದೂಡುವ ಚಾಳಿಯೂ ಅದರ ಜೊತೆಗೇ ಇತ್ತು. ಅದನ್ನು ಮಾತ್ರ ದಯವಿಟ್ಟು ಅಲ್ಲಿಯೇ ಬಿಟ್ಟುಬಿಡಿ. ನಮ್ಮವರು ಮೊದಲು ತಂದದ್ದೇ ಅದನ್ನು.

ರಸಾಯನಶಾಸ್ತ್ರದ ಕಥೆ ಸ್ವಲ್ಪ ಬೇರೆ. ಸಾವಯವ ಕ್ರಿಯೆಗಳನ್ನು ಕೈಯಾರೆ ಬರೆಯದೆ ಕಲಿತವರಿಲ್ಲ. ಅದರಲ್ಲಿ ಎರಡೂ ಊರುಗಳದ್ದು ಒಂದೇ ಪಾಡು. ಆದರೆ ಲೆಕ್ಕಗಳಲ್ಲಿ ಹೈದರಾಬಾದಿನ ಚುರುಕುತನ ಕೆಲವೊಮ್ಮೆ ನಗು ತರಿಸುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದ ಸಾರತೆ 10ರ ಮೈನಸ್ 8ನೇ ಘಾತ ಇದ್ದರೆ ಪಿಎಚ್ ಎಷ್ಟು ಎಂದು ಕೇಳಿ: ನಿದ್ದೆಯಲ್ಲೂ 6.98 ಎನ್ನುತ್ತಾರೆ. ಆಮ್ಲದ ಪಿಎಚ್ 8 ಆಗುವುದಿಲ್ಲ, ನೀರಿನದೇ ಹೈಡ್ರೋಜನ್ ಅಯಾನುಗಳನ್ನೂ ಸೇರಿಸಿಕೊಳ್ಳಬೇಕು ಎಂಬ ಸೊಗಸಾದ ಪ್ರಶ್ನೆಯದು. ಈಗ ಸಾರತೆಯನ್ನು ಮೈನಸ್ 7ನೇ ಘಾತ ಮಾಡಿ ನೋಡಿ, ತರಗತಿಯಲ್ಲಿ ಮೌನ. ವರ್ಗ ಸಮೀಕರಣ ಬರೆದು ಬಿಡಿಸಿದವನಿಗೆ ಹೈಡ್ರೋಜನ್ ಅಯಾನಿನ ಸಾರತೆ 1.618 ಗುಣಿಲೆ 10ರ ಮೈನಸ್ 7ನೇ ಘಾತ ಎಂದು ಬರುತ್ತದೆ, ಪಿಎಚ್ 6.79. ಆ 1.618 ಎನ್ನುವುದು ಗಣಿತದಲ್ಲಿ ಸುವರ್ಣ ಅನುಪಾತವೆಂದು ಹೆಸರಾದ ಸಂಖ್ಯೆ. ರಸಾಯನಶಾಸ್ತ್ರದ ಒಂದು ಪುಟ್ಟ ಲೆಕ್ಕದಲ್ಲಿ ಅದು ತಲೆಯೆತ್ತಿದ್ದನ್ನು ಕಂಡು ಅಕ್ಕನ ಮಗ ಊಟಕ್ಕೆ ಏಳುವುದನ್ನೇ ಮರೆತ. ಉತ್ತರ ಉರು ಹೊಡೆದವನಿಗೆ ಈ ಸುಖ ಇಲ್ಲ.

ಊಹೆಯ ವಿಷಯದಲ್ಲಿ ಎರಡೂ ಊರುಗಳಲ್ಲಿ ಒಂದು ಮೂಢನಂಬಿಕೆ ಇದೆ. ಜೆಇಇಯಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಆದ್ದರಿಂದ ಗೊತ್ತಿಲ್ಲದ್ದನ್ನು ಮುಟ್ಟಲೇಬೇಡಿ ಎನ್ನುತ್ತಾರೆ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿದರೂ ಸರಾಸರಿ ಕಾಲು ಅಂಕ ಲಾಭವೇ. ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಬಲ್ಲವನಿಗೆ ಆ ಲಾಭ ಮೂರರಲ್ಲಿ ಎರಡು ಪಾಲು ಅಂಕಕ್ಕೆ ಏರುತ್ತದೆ. ಸಂಭವನೀಯತೆಯ ಅಧ್ಯಾಯ ಕಲಿಸುವವರೇ ಇದನ್ನು ಲೆಕ್ಕ ಹಾಕಿ ನೋಡದಿರುವುದು ಸೋಜಿಗ. ಸಿಇಟಿಯಲ್ಲಂತೂ ಋಣಾತ್ಮಕ ಅಂಕವೇ ಇಲ್ಲ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಪುಸ್ತಕ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಎನ್‌ಸಿಇಆರ್‌ಟಿ ಪಠ್ಯವನ್ನು ಮೊಟಕುಗೊಳಿಸಿದ ಮೇಲೆ ಹನ್ನೆರಡನೆಯ ತರಗತಿಯ ರಸಾಯನಶಾಸ್ತ್ರದಿಂದ ಘನಸ್ಥಿತಿ, ಮೇಲ್ಮೈ ರಸಾಯನಶಾಸ್ತ್ರ, ಪಾಲಿಮರ್ ಮೊದಲಾದ ಅಧ್ಯಾಯಗಳು ಹೋದವು. ಭೌತಶಾಸ್ತ್ರದಿಂದ ಸಂವಹನ ವ್ಯವಸ್ಥೆ ಹೋಯಿತು. ಅಂಗಡಿಗಳಲ್ಲಿ ಹಳೆಯ ಸಂಗ್ರಹಗಳು ಹೊಸ ಹೊದಿಕೆಯಲ್ಲಿ ಈಗಲೂ ಸಿಗುತ್ತವೆ. 2024ರ ಸಿಇಟಿಯಲ್ಲಿ ಪ್ರಶ್ನೆ ತೆಗೆದವರೇ ಪಠ್ಯದಾಚೆಗೆ ಹೋಗಿ, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಹಾಗಿರುವಾಗ ಹದಿನೇಳರ ಹುಡುಗ ಯಾವುದು ಇದೆ, ಯಾವುದು ಇಲ್ಲ ಎಂದು ತಾನೇ ಜರಡಿ ಹಿಡಿಯಲಿ ಎನ್ನುವುದು ಅನ್ಯಾಯ. ಪಠ್ಯಪುಸ್ತಕದ ಪರಿವಿಡಿಯನ್ನು ಪಕ್ಕಕ್ಕಿಟ್ಟುಕೊಂಡು ಆ ಪುಟಗಳನ್ನು ಹೊಡೆದುಹಾಕುವುದು ಮನೆಯ ಹಿರಿಯರು ಮಾಡಬಹುದಾದ ಕೆಲಸ. ಅದಕ್ಕೆ ಭೌತಶಾಸ್ತ್ರ ಬರಬೇಕಾಗಿಲ್ಲ.

ದುಡ್ಡು ಕೊಟ್ಟರೂ ಅಂಗಡಿಯಲ್ಲಿ ಸಿಗದ ಅಭ್ಯಾಸ ಸಾಮಗ್ರಿ ಒಂದು ಮಂಡ್ಯದಲ್ಲೇ ಇದೆ. ಪಿಯುಸಿ ಫಲಿತಾಂಶ ಬಂದ ಮೇಲೆ ಶುಲ್ಕ ಕಟ್ಟಿದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಸಿಗುತ್ತದೆ. ಮರುಮೌಲ್ಯಮಾಪನಕ್ಕೆ ಹಾಕುವವರು ಅದನ್ನು ತರಿಸಿಕೊಂಡು, ಒಂದೆರಡು ಅಂಕಕ್ಕಾಗಿ ತಡಕಾಡಿ, ಮೂಲೆಗೆ ಎಸೆಯುತ್ತಾರೆ. ಅಕ್ಕನ ಮನೆಯ ಪಕ್ಕದ ಹುಡುಗಿ ಹಾಗೆ ತರಿಸಿದ್ದ ಭೌತಶಾಸ್ತ್ರದ ಪ್ರತಿಯನ್ನು ನಾವು ಮೂವರೂ ಕೂತು ಮಾದರಿ ಉತ್ತರದ ಜೊತೆ ಹೋಲಿಸಿದೆವು. ಮಸೂರದ ಸೂತ್ರದ ನಿಷ್ಪತ್ತಿಯೆಲ್ಲ ಸರಿ, ಚಿತ್ರದಲ್ಲಿ ಕಿರಣಗಳಿಗೆ ಬಾಣದ ಗುರುತಿಲ್ಲ. ಸಂಧಾರಕದ ಲೆಕ್ಕದಲ್ಲಿ ಸಂಖ್ಯೆ ಸರಿ, ಏಕಮಾನವಿಲ್ಲ, ಅಂಕ ಹೋಗಿದೆ. ಇನ್ನೊಂದು ಕಡೆ ಕೊನೆಯ ಉತ್ತರವೇ ತಪ್ಪು, ಆದರೂ ಸೂತ್ರಕ್ಕೂ ಬೆಲೆಗಳನ್ನು ಆದೇಶಿಸಿದ್ದಕ್ಕೂ ಅಂಕ ಬಂದಿದೆ. ಬಿಟ್ ಪ್ರಪಂಚದಲ್ಲಿ ಬೆಳೆದ ನನ್ನ ಮಗಳಿಗೆ ಇದು ನಂಬಲಾಗದ ಔದಾರ್ಯ. "ಉತ್ತರ ತಪ್ಪಿದರೂ ಅಂಕ ಕೊಡುತ್ತಾರೆಯೇ?" ಎಂದು ಎರಡು ಸಲ ಕೇಳಿದಳು. ಹಿರಿಯ ವಿದ್ಯಾರ್ಥಿಗಳ ಇಂಥ ಪ್ರತಿಗಳನ್ನು ಹೆಸರು ಅಳಿಸಿ ಕಾಲೇಜಿನ ಗ್ರಂಥಾಲಯದಲ್ಲಿಟ್ಟರೆ, ಉಪನ್ಯಾಸಕರು ವರ್ಷವಿಡೀ ಗಂಟಲು ಹರಿದುಕೊಳ್ಳುವುದು ಎಷ್ಟೋ ತಪ್ಪುತ್ತದೆ.

ಭಾವ ಇದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆ ಪ್ರತಿಯನ್ನು ಜೆರಾಕ್ಸ್ ಮಾಡಿಸಿಕೊಂಡು ಬರುತ್ತೇನೆಂದು ಹೊರಟವರು, ಬರುವಾಗ ಹತ್ತು ಸಾವಿರ ಬಿಟ್‌ಗಳ ಆನ್‌ಲೈನ್ ಟೆಸ್ಟ್ ಸರಣಿಯೊಂದಕ್ಕೆ ಹಣ ಕಟ್ಟಿದ ರಸೀದಿಯನ್ನೂ ತಂದರು. "ಅದೂ ಇರಲಿ, ಇದೂ ಇರಲಿ" ಎಂದರು.