ಕಾಮಣಿ ಇಳಿಯಿತು, ವೈರಸ್ ಇಳಿಯಲಿಲ್ಲ

ಸಿಂಧನೂರಿನ ಒಂದು ಸಣ್ಣ ಲ್ಯಾಬ್‌ನಲ್ಲಿ ನನ್ನ ಕೆಲಸ. ರಕ್ತ ತೆಗೆದು, ಟ್ಯೂಬನ್ನು ಮಷಿನ್‌ಗೆ ಹಾಕಿ ತಿರುಗಿಸಿದರೆ ಮೇಲೆ ಸೀರಮ್ ನಿಲ್ಲುತ್ತದೆ. ಆರಾಮಿದ್ದವರದ್ದು ತಿಳಿ ಹಳದಿ. ಕಾಮಣಿ ಆದವರದ್ದು ಅರಿಶಿನ ಕದಡಿದ ನೀರಿನ ಹಾಗೆ. ನಮ್ಮ ಸೋದರಮಾವನ ಟ್ಯೂಬ್ ಆ ಬಣ್ಣದಲ್ಲಿ ಹೊರಗೆ ಬಂದ ದಿನ ನನಗೆ ಕೈಕಾಲೇ ಆಡಲಿಲ್ಲ.

ಮಾವನಿಗೆ ಕೆಲವು ವರ್ಷದ ಹಿಂದೆಯೂ ಒಮ್ಮೆ ಕಾಮಣಿ ಆಗಿತ್ತು. ನೆಲನೆಲ್ಲಿ ಅರೆದು ಕುಡಿದರು, ಖಾರ-ಎಣ್ಣೆ ಬಿಟ್ಟು ಪಥ್ಯ ಮಾಡಿದರು. ಕಣ್ಣಿನ ಹಳದಿ ಹೋಯಿತು. ಒಮ್ಮೆ ರಕ್ತ ನೋಡೋಣ ಮಾವ ಅಂದೆ. "ಕಾಮಣಿ ಇಳಿದೈತಿ, ಇನ್ಯಾಕ ಸೂಜಿ ಬಿಡಪ್ಪ" ಅಂದರು. ನಾನೂ ಸುಮ್ಮನಾದೆ. ಎರಡನೇ ಸಲ ಬಂದಾಗ ಹೊಟ್ಟೆ ಊದಿತ್ತು. ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ ನೋಡುವ ಕಾರ್ಡ್ ಮೇಲೆ ಎರಡು ಗುಲಾಬಿ ಗೆರೆ ಮೂಡಿದವು, ಅಂದರೆ ಪಾಸಿಟಿವ್. ಸ್ಕ್ಯಾನ್‌ನಲ್ಲಿ ಲಿವರ್ ಕ್ಯಾನ್ಸರ್ ಗಡ್ಡೆ ಕಂಡಿತು. ನಾಲ್ಕು ತಿಂಗಳು ಇದ್ದರು, ಅಷ್ಟೇ.

ನಮ್ಮ ಕಡೆ ಕಾಮಣಿ ಔಷಧಿಗೆ ಅಷ್ಟು ಹೆಸರು ಯಾಕಿದೆ ಅಂತ ಆಮೇಲೆ ಬಹಳ ಯೋಚನೆ ಮಾಡಿದ್ದೇನೆ. ಹೊಲಸು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಜಾಸ್ತಿ ಜನಕ್ಕೆ ತಾನಾಗೇ ವಾಸಿಯಾಗುತ್ತದೆ. ಹೆಸರು ಔಷಧಿಗೆ ಬರುತ್ತದೆ. ಬಿ ಮತ್ತು ಸಿ ಹಾಗಲ್ಲ. ಕಣ್ಣು ಬಿಳಿಯಾದ ಮೇಲೂ ಇಪ್ಪತ್ತು ಮೂವತ್ತು ವರ್ಷ ಒಳಗೇ ಕೂತಿರಬಹುದು. ಲಿವರ್ ನೋಯುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ನಮ್ಮ ದೇಶದಲ್ಲಿ ಹೆಪಟೈಟಿಸ್ ಬಿ ಇದ್ದವರು ಸುಮಾರು 2.98 ಕೋಟಿ. ಅವರಲ್ಲಿ ಬಹುಪಾಲು ಜನಕ್ಕೆ ಅದು ಗೊತ್ತೇ ಇಲ್ಲ.

ಮಾವ ಹೋದ ಮೇಲೆ ಮನೆಯವರೆಲ್ಲರ ರಕ್ತ ನಾನೇ ತೆಗೆದೆ. ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ ಬಂದರೆ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ಅದಕ್ಕೇ ಒಡಹುಟ್ಟಿದವರನ್ನು ನೋಡಲೇಬೇಕು. ಅಮ್ಮನದು ನೆಗೆಟಿವ್ ಬಂತು. ಸಣ್ಣ ಮಾವನದು ಪಾಸಿಟಿವ್.

ರಕ್ತದಲ್ಲಿರುವ ಮೈಕ್ರೋ ಆರ್‌ಎನ್‌ಎ ನೋಡಿ ಲಿವರ್ ಕ್ಯಾನ್ಸರ್ ಹಿಡಿಯಬಹುದು ಅನ್ನುವ ಸುದ್ದಿ ಬಂದರೆ ನಾನು ಬಿಡದೆ ಓದುವುದು ಈ ಸಣ್ಣ ಮಾವನ ಸಲುವಾಗಿ. ಮೈಕ್ರೋ ಆರ್‌ಎನ್‌ಎ ಅಂದರೆ ಜೀನ್‌ಗಳ ಭಾಷೆಯಲ್ಲಿ ಬರೀ 22 ಅಕ್ಷರದಷ್ಟು ಉದ್ದದ ಒಂದು ಎಳೆ. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದನ್ನು ಹದದಲ್ಲಿಡುತ್ತದೆ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಇದು ಸಿಕ್ಕಿತು. ಅದಕ್ಕೇ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ನೊಬೆಲ್ ಬಂತು. ಲಿವರ್‌ನಲ್ಲಿರುವ ಮೈಕ್ರೋ ಆರ್‌ಎನ್‌ಎ ಪೈಕಿ ಸುಮಾರು ನೂರಕ್ಕೆ ಎಪ್ಪತ್ತು ಭಾಗ ಮಿರ್-122 ಅನ್ನುವ ಒಂದೇ ಬಗೆಯದು. ಲಿವರ್ ಕೋಶ ಒಡೆದರೆ ಅದು ರಕ್ತಕ್ಕೆ ಚೆಲ್ಲುತ್ತದೆ. ಬೇಗ ಕೆಡುವುದೂ ಇಲ್ಲ, ಪ್ರೋಟೀನ್ ಜೊತೆ ಅಂಟಿಕೊಂಡು ಅಥವಾ ಸಣ್ಣ ಕೊಬ್ಬಿನ ಚೀಲದೊಳಗೆ ಉಳಿದಿರುತ್ತದೆ. ಅಳೆಯುವ ಮಷಿನ್ ಕೂಡ ಹೊಸದೇನಲ್ಲ. ಕೋವಿಡ್‌ನಲ್ಲಿ ನಾವೆಲ್ಲ ಮೂಗಿಗೆ ಕಡ್ಡಿ ಹಾಕಿಸಿಕೊಂಡೆವಲ್ಲ, ಅದೇ ಆರ್‌ಟಿ-ಪಿಸಿಆರ್.

ಸಣ್ಣ ಮಾವ ಈಗ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮತ್ತು ಎಎಫ್‌ಪಿ (ಲಿವರ್ ಕ್ಯಾನ್ಸರ್ ಇದ್ದರೆ ಏರಬಹುದಾದ ಒಂದು ಪ್ರೋಟೀನ್) ರಕ್ತ ಪರೀಕ್ಷೆ ಮಾಡಿಸುತ್ತಾರೆ. ಗಡ್ಡೆ ಚಿಕ್ಕದಿದ್ದಾಗ ಎಎಫ್‌ಪಿ ಎಷ್ಟೋ ಸಲ ನಾರ್ಮಲ್ ಬರುತ್ತದೆ. ಆ ಸಂದನ್ನು ಮೈಕ್ರೋ ಆರ್‌ಎನ್‌ಎ ಮುಚ್ಚಿದರೆ ಎಷ್ಟು ಮನೆಗಳು ಉಳಿಯುತ್ತವೆ, ಅಲ್ವಾ?

ಆದರೆ ತೊಡಕೂ ಇದೆ. ಮಿರ್-122 ಕುಡಿತದಿಂದ ಲಿವರ್ ಕೆಟ್ಟರೂ ಏರುತ್ತದೆ, ಕೊಬ್ಬು ತುಂಬಿದರೂ ಏರುತ್ತದೆ. ಮಿರ್-21 ಅನ್ನುವ ಇನ್ನೊಂದು ಬಗೆ ಬೇರೆ ಬೇರೆ ಕ್ಯಾನ್ಸರ್‌ಗಳಲ್ಲೂ ಏರುತ್ತದೆ. ಹಾಗಾಗಿ ನಾಲ್ಕೈದನ್ನು ಒಟ್ಟಿಗೆ ಅಳೆಯಲು ನೋಡುತ್ತಿದ್ದಾರೆ. ಇನ್ನೊಂದು ನಮ್ಮಂಥವರ ಕೈಯಲ್ಲೇ ಇರುವ ವಿಷಯ. ಸಿರಿಂಜ್ ಜೋರಾಗಿ ಎಳೆದರೆ ಕೆಂಪು ರಕ್ತಕಣ ಒಡೆದು ಸೀರಮ್ ಕೆಂಪಾಗುತ್ತದೆ. ಆ ಕಣಗಳೊಳಗೂ ಮೈಕ್ರೋ ಆರ್‌ಎನ್‌ಎ ತುಂಬಿರುವುದರಿಂದ ಲೆಕ್ಕವೇ ತಪ್ಪುತ್ತದೆ. ಒಂದು ಲ್ಯಾಬ್‌ನ ಫಲಿತಾಂಶ ಇನ್ನೊಂದಕ್ಕೆ ತಾಳೆಯಾಗದೇ ಇರುವುದಕ್ಕೆ ಇದೂ ಒಂದು ಕಾರಣ. ದೊಡ್ಡ ಊರಿನ ಎಸಿ ಲ್ಯಾಬ್‌ನಲ್ಲಿ ಮಾತ್ರ ಸರಿ ಬರುವ ಪರೀಕ್ಷೆ ಸಾಲದು. ಮೇ ತಿಂಗಳ ಬಿಸಿಲಲ್ಲಿ ಮಸ್ಕಿಯಿಂದ ಬಸ್ಸಿನಲ್ಲಿ ಬಂದ ಸ್ಯಾಂಪಲ್ ಮೇಲೂ ಅದು ನಿಲ್ಲಬೇಕು.

ಅಲ್ಲಿಯತನಕ ಸುಮ್ನೆ ಕೂರುವ ಹಾಗಿಲ್ಲ. ಯಾರ ಮೇಲೆ ಕಣ್ಣಿಡಬೇಕು ಅಂತ ಗೊತ್ತಿಲ್ಲದೆ ಎಂಥ ಹೊಸ ಪರೀಕ್ಷೆ ಬಂದರೂ ಯಾರಿಗೆ ಮಾಡುವುದು? ಅದನ್ನು ಹೇಳುವುದು ಅದೇ ಎರಡು ಗೆರೆಯ ಕಾರ್ಡ್. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರಲ್ಲೇ ಶುರುವಾಗಿದೆ, ಅದರಡಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಸಿ ಆದರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಬಿ ಇದ್ದರೆ ಮಾತ್ರೆಯಿಂದ ಹತೋಟಿಯಲ್ಲಿಡಬಹುದು. ಹುಟ್ಟಿದ 24 ಗಂಟೆಯೊಳಗೆ ಕೂಸಿಗೆ ಲಸಿಕೆ ಬಿದ್ದರೆ ತಾಯಿಯಿಂದ ದಾಟುವುದನ್ನೇ ಬಹುಮಟ್ಟಿಗೆ ತಡೆಯಬಹುದು.

ಒಂದು ಮಾತು ಹೇಳದೆ ಇರಲಾರೆ. ಮಾವನ ರಿಪೋರ್ಟ್ ಬಂದ ಮೇಲೆ ಯಾರೋ ಹೇಳಿದರು ಅಂತ ಅತ್ತೆ ಅವರ ಚೊಂಬಿಗೆ ಕೆಂಪು ದಾರ ಕಟ್ಟಿ ಬೇರೆ ಇಟ್ಟಿದ್ದರು. ಜೊತೆಯಲ್ಲಿ ಉಂಡರೆ ಇದು ಅಂಟುವುದಿಲ್ಲ. ರಕ್ತದಿಂದ, ದೈಹಿಕ ಸಂಪರ್ಕದಿಂದ, ಹೆರಿಗೆಯಲ್ಲಿ ಅಂಟುತ್ತದೆ. ಬ್ಲೇಡು, ಸೂಜಿ ಹಂಚಿಕೊಳ್ಳಬಾರದು ಅಷ್ಟೇ. ಇದನ್ನು ಅತ್ತೆಗೆ ಹೇಳುವಷ್ಟರಲ್ಲಿ ಮಾವ ಆ ಚೊಂಬಿನಲ್ಲಿ ಒಬ್ಬರೇ ನೀರು ಕುಡಿದು ಎರಡು ತಿಂಗಳಾಗಿತ್ತು.

ಸಣ್ಣ ಮಾವನ ಮುಂದಿನ ಸ್ಕ್ಯಾನ್ ಶ್ರಾವಣದಲ್ಲಿ. ರಕ್ತ ನಾನೇ ತೆಗೆಯುತ್ತೇನೆ, ನಿಧಾನಕ್ಕೆ.