ಡಬ್ಬಿಯ ತಳದಲ್ಲಿ ಇಲ್ಲದ ಹೆಸರು

ಹಳೇ ಅಮೆರಿಕದ ಒಂದು ಬಗೆಯ ಫೋಟೊ ಆಗಾಗ ಕಣ್ಣಿಗೆ ಬೀಳುತ್ತದೆ. 1950ರ ದಶಕದ್ದು. ಒಂದು ಮನೆಯ ಹಾಲ್. ಚೆನ್ನಾಗಿ ಡ್ರೆಸ್ ಮಾಡಿಕೊಂಡ ಹೆಂಗಸರು ಸೋಫಾ, ಕುರ್ಚಿಗಳ ಮೇಲೆ ಕೂತಿದ್ದಾರೆ. ಮಧ್ಯೆ ಒಬ್ಬಳು ಪ್ಲಾಸ್ಟಿಕ್ ಬಟ್ಟಲು ಹಿಡಿದು ನಿಂತಿದ್ದಾಳೆ. ಎಲ್ಲರ ಮುಖದಲ್ಲೂ ನಗು. ಅದನ್ನು ನೋಡಿದವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ. ಆಗಿನ ಹೆಂಗಸರು ಎಷ್ಟು ಆರಾಮಾಗಿದ್ದರು, ಗಂಡ ದುಡಿದು ತರುತ್ತಿದ್ದ, ಇವರು ಕೂತು ಹರಟೆ ಹೊಡೆಯುತ್ತಿದ್ದರು.

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಆ ನಗುವವರ ಗುಂಪಿನಲ್ಲಿ ಒಬ್ಬಳು ಡ್ಯೂಟಿಯಲ್ಲಿದ್ದಾಳೆ. ಬಟ್ಟಲು ಹಿಡಿದು ನಿಂತಿದ್ದಾಳಲ್ಲ, ಅವಳು. ಆ ಸಂಜೆ ಎಷ್ಟು ಡಬ್ಬಿ ಹೋದವು ಅನ್ನುವುದರ ಮೇಲೆ ಅವಳ ಮನೆಯ ಆ ತಿಂಗಳ ಖರ್ಚು ನಿಂತಿದೆ.

ನನಗೆ ಇದು ಗೊತ್ತಾಗಿದ್ದು ಚಿಕ್ಕಮ್ಮನಿಂದ. ಫೋಟೊದಲ್ಲಿರುವ ಬಟ್ಟಲು ಟಪ್ಪರ್‌ವೇರ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಡಬ್ಬಿ ಕಂಪನಿಯದು. ಆ ಕಂಪನಿ ನಮ್ಮ ದೇಶಕ್ಕೆ ಬಂದಿದ್ದು 1996ರಲ್ಲಿ. ಅದಾಗಿ ನಾಲ್ಕೈದು ವರ್ಷಕ್ಕೆ ಚಿಕ್ಕಮ್ಮ ಮೈಸೂರಿನಲ್ಲಿ ಅದರ ಡಬ್ಬಿ ಮಾರಲು ಶುರು ಮಾಡಿದರು. ಯಾರದೋ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತಿದ್ದರು. ಅವಲಕ್ಕಿ, ಕಾಫಿ. ಚಿಕ್ಕಮ್ಮ ಡಬ್ಬಿಗೆ ನೀರು ತುಂಬಿ, ಮುಚ್ಚಳ ಒತ್ತಿ, ತಲೆಕೆಳಗು ಮಾಡಿ ಒಂದು ರೇಷ್ಮೆ ಸೀರೆಯ ಮೇಲೆ ಹಿಡಿಯುತ್ತಿದ್ದರು. ಒಂದು ಹನಿ ಬೀಳುತ್ತಿರಲಿಲ್ಲ. ನಾನು ಜೊತೆಗೆ ಹೋಗಿ ಬ್ಯಾಗು ಹೊರುತ್ತಿದ್ದೆ. ಆ ದುಡ್ಡಿನಲ್ಲಿ ತಮ್ಮನ ಪಿಯುಸಿ ಟ್ಯೂಷನ್ ಫೀಸು ಹೋಯಿತು. ಆದರೂ ಮನೆಗೆ ಬಂದವರ ಹತ್ತಿರ ಚಿಕ್ಕಪ್ಪ ಹೇಳುತ್ತಿದ್ದುದು ಒಂದೇ ಮಾತು: "ಅವಳದೇನು, ಟೈಮ್ ಪಾಸ್‌ಗೆ ಏನೋ ಮಾಡ್ತಾಳೆ." ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆಮೇಲೆ, ಅಮೆರಿಕದಲ್ಲಿ ಇದೇ ಡಬ್ಬಿಗಳನ್ನು ಮನೆ ಪಾರ್ಟಿಗಳಲ್ಲಿ ಮಾರಿಸಿದ ಬ್ರೌನಿ ವೈಸ್ ಅನ್ನುವ ಹೆಂಗಸಿನ ಬಗ್ಗೆ ಓದಿದೆ. ಅವತ್ತಿನಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ.

ಮೊದಲು ಡಬ್ಬಿಯ ಕಥೆ ಹೇಳುತ್ತೇನೆ. ಅದನ್ನು ಮಾಡಿದ್ದು ಪಾಲಿಥೀನ್ ಅನ್ನುವ ಪ್ಲಾಸ್ಟಿಕ್ಕಿನಿಂದ. ಅದು ಇಂಗ್ಲೆಂಡಿನ ಒಂದು ಪ್ರಯೋಗಾಲಯದಲ್ಲಿ 1933ರಲ್ಲಿ ಅಕಸ್ಮಾತ್ತಾಗಿ ಸಿಕ್ಕ ವಸ್ತು. ಎರಡನೇ ಮಹಾಯುದ್ಧದಲ್ಲಿ ರಡಾರ್ ಕೇಬಲ್ಲುಗಳ ಮೇಲಿನ ಹೊದಿಕೆಗೆ ಬಳಸಿದರು. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದಲ್ಲಿ ಅರ್ಲ್ ಟಪ್ಪರ್ ಅನ್ನುವವನೊಬ್ಬ ಅದರ ಹಿಂದೆ ಬಿದ್ದಿದ್ದ. ಮೊದಲು ಮರಗಳ ಆರೈಕೆ ಮಾಡುವ ಕಸುಬು ನಡೆಸಿ ದಿವಾಳಿಯಾಗಿದ್ದವನು. ಡ್ಯುಪಾಂಟ್ ಅನ್ನುವ ರಾಸಾಯನಿಕ ಕಂಪನಿಯಿಂದ ಬೇಡದ ಕಪ್ಪು ಗಸಿಯನ್ನು ತಂದು ಶುದ್ಧ ಮಾಡಿದ. ಒಡೆಯದ, ವಾಸನೆ ಇಲ್ಲದ, ತೆಳ್ಳಗಿನ ಬಟ್ಟಲು ಮಾಡಿದ. ಪೇಂಟ್ ಡಬ್ಬಿಯ ಮುಚ್ಚಳ ನೋಡಿ, ಗಾಳಿ ಆಡದ ಹಾಗೆ ಕೂರುವ ಮುಚ್ಚಳ ಮಾಡಿದ. 1946ರಲ್ಲಿ ಮಾರುಕಟ್ಟೆಗೆ ಬಿಟ್ಟ. ಆ ಬಟ್ಟಲುಗಳ ಅಂದ ಎಂಥದ್ದು ಅಂದರೆ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಅವೂ ಸೇರಿವೆ.

ಆದರೆ ಅಂಗಡಿಯಲ್ಲಿ ಯಾರೂ ಕೊಳ್ಳಲಿಲ್ಲ. ಶೆಲ್ಫಿನ ಮೇಲೆ ಧೂಳು ಹಿಡಿದವು. ಕೊಂಡ ಕೆಲವರು ಮುಚ್ಚಳ ಸರಿಯಿಲ್ಲ ಅಂತ ವಾಪಸ್ ತಂದರು.

ಮುಚ್ಚಳ ಸರಿಯಾಗಿಯೇ ಇತ್ತು. ಅದನ್ನು ಹಾಕುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಸುತ್ತ ಅಂಚನ್ನು ಒತ್ತಬೇಕು. ಆಮೇಲೆ ನಡುವೆ ಹೆಬ್ಬೆರಳಿನಿಂದ ಅದುಮಿ, ಅಂಚನ್ನು ಒಂದು ಕಡೆ ಚೂರು ಎತ್ತಬೇಕು. ಒಳಗಿನ ಗಾಳಿ ಪುಸ್ ಅಂತ ಹೊರಗೆ ಬರುತ್ತದೆ. ಅಂಚನ್ನು ಬಿಟ್ಟರೆ ಮುಚ್ಚಳ ಕಚ್ಚಿಕೊಳ್ಳುತ್ತದೆ. ಆ ಸದ್ದಿಗೆ ಅವರಲ್ಲಿ ತೇಗು ಅನ್ನುತ್ತಾರೆ. ಹಾಲು ಕುಡಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟಿ ತೇಗಿಸುತ್ತಾರಲ್ಲ, ಅದೇ ತೇಗು. ನೋಡಿ, ಈ ಒಂದು ಮಾತಿನಲ್ಲಿ ಎಲ್ಲ ಇದೆ. ಅಂಗಡಿಯ ಬೋರ್ಡಿನಲ್ಲಿ ನೂರು ಸಾಲು ಬರೆದರೂ ಅರ್ಥ ಆಗದ್ದು, ಎರಡು ಮಕ್ಕಳ ತಾಯಿ ಇನ್ನೊಬ್ಬ ತಾಯಿಗೆ ಹೇಳಿದರೆ ಒಂದೇ ಸಲಕ್ಕೆ ಅರ್ಥ ಆಗುತ್ತದೆ.

ಇದು ಬ್ರೌನಿ ವೈಸ್‌ಗೆ ಗೊತ್ತಿತ್ತು. ಅವಳು ಹುಟ್ಟಿದ್ದು 1913ರಲ್ಲಿ, ಜಾರ್ಜಿಯಾ ರಾಜ್ಯದ ಬ್ಯೂಫರ್ಡ್ ಅನ್ನುವ ಊರಲ್ಲಿ. ಅವಳ ತಾಯಿ ಹ್ಯಾಟ್ ಹೊಲಿಯುವ ಕೆಲಸಗಾರರ ಸಂಘ ಕಟ್ಟುತ್ತಿದ್ದವರು. ಬ್ರೌನಿ ಮದುವೆಯಾಗಿ ಡೆಟ್ರಾಯಿಟ್ ಕಡೆಗೆ ಬಂದಳು. ಸಂಸಾರ ನಿಲ್ಲಲಿಲ್ಲ. ವಿಚ್ಛೇದನ ಆಯಿತು. ಕೈಯಲ್ಲೊಂದು ಗಂಡುಮಗು. ಯುದ್ಧದ ಕಾಲದಲ್ಲಿ ಒಂದು ವಿಮಾನ ಕಂಪನಿಯಲ್ಲಿ ಸೆಕ್ರೆಟರಿ ಕೆಲಸ ಮಾಡಿದಳು. ಸಂಬಳ ಸಾಲದೆ, ಸ್ಟ್ಯಾನ್ಲಿ ಹೋಮ್ ಪ್ರಾಡಕ್ಟ್ಸ್ ಕಂಪನಿಯ ಮಾಪು, ಬ್ರಷ್ಷುಗಳನ್ನು ಮನೆಮನೆಯಲ್ಲಿ ಜನ ಸೇರಿಸಿ ಮಾರಲು ಶುರು ಮಾಡಿದಳು. ಹಾಗಾಗಿ ಮನೆಯಲ್ಲಿ ಪಾರ್ಟಿ ಮಾಡಿ ಮಾರುವುದು ಅವಳೇ ಕಂಡುಹಿಡಿದದ್ದಲ್ಲ. ಅದು ಮೊದಲೇ ಇತ್ತು. ಆದರೆ ಆ ರೀತಿಗೆ ಈ ಡಬ್ಬಿಯನ್ನು ಜೋಡಿಸಿ, ಇಡೀ ದೇಶಕ್ಕೆ ಹಬ್ಬಿಸಿದ ಕೆಲಸ ಅವಳದು.

ಆ ಕಾಲದ ಹೆಂಗಸರ ಪರಿಸ್ಥಿತಿ ನೆನೆಸಿಕೊಳ್ಳಿ. ಯುದ್ಧ ನಡೆಯುವಾಗ ಕಾರ್ಖಾನೆಗೆ ಬನ್ನಿ ಬನ್ನಿ ಅಂತ ಕರೆದರು. 1945ರಲ್ಲಿ ಗಂಡಸರು ವಾಪಸ್ ಬಂದ ಮೇಲೆ, ನಿಮ್ಮ ಕೆಲಸ ಮುಗಿಯಿತು ಮನೆಗೆ ಹೋಗಿ ಅಂದರು. ಊರಾಚೆ ಹೊಸ ಬಡಾವಣೆಗಳು ಎದ್ದವು. ನ್ಯೂಯಾರ್ಕಿನ ಹತ್ತಿರ ಲೆವಿಟ್‌ಟೌನ್ ಅನ್ನುವ ಒಂದೇ ಬಡಾವಣೆಯಲ್ಲಿ 1947ರಿಂದ ನಾಲ್ಕೈದು ವರ್ಷದಲ್ಲಿ 17,000ಕ್ಕೂ ಜಾಸ್ತಿ ಮನೆ ಕಟ್ಟಿದರು. ಕರಿಯರಿಗೆ ಅಲ್ಲಿ ಮನೆ ಇರಲಿಲ್ಲ. ಆ ನಗುಮುಖದ ಫೋಟೊಗಳಲ್ಲಿ ಅವರು ಯಾಕೆ ಇಷ್ಟು ಕಮ್ಮಿ ಕಾಣುತ್ತಾರೆ ಅನ್ನುವುದಕ್ಕೆ ಇದೂ ಒಂದು ಕಾರಣ. ಅಂಥ ಬಡಾವಣೆಗೆ ಬಂದ ಹುಡುಗಿಗೆ ಅಮ್ಮ, ಅಕ್ಕ, ಅತ್ತಿಗೆ ಯಾರೂ ಹತ್ತಿರ ಇಲ್ಲ. ಇರುವ ಒಂದು ಕಾರನ್ನು ಗಂಡ ಬೆಳಿಗ್ಗೆ ತೆಗೆದುಕೊಂಡು ಹೋದರೆ ಸಂಜೆಯೇ ವಾಪಸ್. ಬ್ಯಾಂಕಿಗೆ ಹೋದರೆ ಗಂಡನ ಸಹಿ ಕೇಳುತ್ತಾರೆ. ಸಾಲ ಕೊಡುವಾಗ ಹೆಂಗಸು ಅಂತ ಭೇದ ಮಾಡಬಾರದು ಅನ್ನುವ ಕಾನೂನು ಅಮೆರಿಕದಲ್ಲಿ ಬಂದಿದ್ದೇ 1974ರಲ್ಲಿ. ಇದನ್ನು ಓದಿದಾಗ ನಾನು ಇಸವಿಯನ್ನು ಎರಡು ಸಲ ನೋಡಿದೆ.

ಅಡುಗೆಮನೆಯಲ್ಲಿ ಫ್ರಿಜ್ಜು ಬಂದಿತ್ತು. ಆದರೆ ಉಳಿದದ್ದನ್ನು ಇಡಲು ಮೇಣದ ಕಾಗದ, ಇಲ್ಲವೇ ಬಟ್ಟಲ ಮೇಲೊಂದು ತಟ್ಟೆ. ಈರುಳ್ಳಿ ವಾಸನೆ ಬೆಣ್ಣೆಗೆ, ಮೀನಿನ ವಾಸನೆ ಹಾಲಿಗೆ. ಒಂದು ದಿನ ಬಿಟ್ಟರೆ ಒಣಗಿ ಬಿಸಾಡಬೇಕು. ಅಂಥ ಮನೆಯಲ್ಲಿ ಬಿಗಿ ಮುಚ್ಚಳದ ಡಬ್ಬಿಯ ಬೆಲೆ ಏನು ಅಂತ ಅಡುಗೆ ಮಾಡುವವರಿಗೇ ಗೊತ್ತು.

ಬ್ರೌನಿ 1950ರಲ್ಲಿ ತಾಯಿ, ಮಗನ ಜೊತೆ ಫ್ಲಾರಿಡಾಗೆ ಹೋದಳು. ಅಲ್ಲಿ ಅವಳು ಮಾರುತ್ತಿದ್ದ ವೇಗಕ್ಕೆ ಕಂಪನಿ ಸರಕು ಕಳಿಸುವುದೇ ಕಷ್ಟವಾಯಿತು. ತಡವಾಯಿತು ಅಂತ ಸೀದಾ ಟಪ್ಪರ್‌ಗೇ ಫೋನ್ ಮಾಡಿ ಜಗಳ ಆಡಿದಳು. 1951ರಲ್ಲಿ ಅವನು ಅವಳನ್ನೇ ಉಪಾಧ್ಯಕ್ಷೆ ಮಾಡಿದ. ಅಂಗಡಿಗಳಿಂದ ಡಬ್ಬಿಗಳನ್ನು ಪೂರ್ತಿ ವಾಪಸ್ ತೆಗೆದ. ಇನ್ನು ಮುಂದೆ ಪಾರ್ಟಿಯಲ್ಲಿ ಮಾತ್ರ.

ಅವಳ ಪಾರ್ಟಿ ನೋಡಬೇಕಿತ್ತು. ಬಟ್ಟಲಿಗೆ ದ್ರಾಕ್ಷಿ ರಸ ತುಂಬುತ್ತಾಳೆ. ಮುಚ್ಚಳ ಒತ್ತಿ, ತೇಗಿಸಿ, ಹಾಲಿನ ಈ ತುದಿಯಿಂದ ಆ ತುದಿಗೆ ಎಸೆಯುತ್ತಾಳೆ. ಕೆಳಗೆ ಕಾರ್ಪೆಟ್ ಇದೆ. ದ್ರಾಕ್ಷಿ ರಸದ ಕಲೆ ಎಂಥದ್ದು ಅಂತ ಅಲ್ಲಿ ಕೂತ ಪ್ರತಿಯೊಬ್ಬಳಿಗೂ ಗೊತ್ತು. ಎಲ್ಲರ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಎದುರಿಗಿದ್ದವಳು ಹಿಡಿಯುತ್ತಾಳೆ. ಒಂದು ತೊಟ್ಟೂ ಚೆಲ್ಲಿಲ್ಲ. ಅಲ್ಲಿಗೆ ಅರ್ಧ ವ್ಯಾಪಾರ ಆಯಿತು. ಪಾರ್ಟಿಗಳಲ್ಲಿ ಆಟಗಳೂ ಇರುತ್ತಿದ್ದವು. ಒಂದು ಆಟ, ನಿಮ್ಮ ಗಂಡನನ್ನು ಮಾರಲು ಪೇಪರಿಗೆ ಜಾಹೀರಾತು ಬರೆಯಿರಿ ಅನ್ನುವುದು. ಆ ಚೀಟಿಗಳನ್ನು ಓದುವಾಗ ಎದ್ದ ನಗು ಎಂಥದ್ದಿರಬಹುದು! ಮನೆಯಲ್ಲಿ ಗಟ್ಟಿಯಾಗಿ ಹೇಳಲಾಗದ್ದನ್ನು ಅಲ್ಲಿ ಹೇಳಬಹುದಿತ್ತು.

ಮಾರುವವರನ್ನು ಅವಳು ನಡೆಸಿಕೊಂಡ ರೀತಿ ನನಗೆ ಎಲ್ಲಕ್ಕಿಂತ ಇಷ್ಟ. ಗೃಹಿಣಿಗೆ ಯಾರೂ ಭೇಷ್ ಅನ್ನುವುದಿಲ್ಲ. ಪಾತ್ರೆ ಚೆನ್ನಾಗಿ ಬೆಳಗಿದ್ದಕ್ಕೆ ಯಾರಾದರೂ ಸರ್ಟಿಫಿಕೇಟ್ ಕೊಟ್ಟಿದ್ದಾರಾ? ಬ್ರೌನಿ ಕೊಟ್ಟಳು. ಕಂಪನಿಯ ಪತ್ರಿಕೆಯಲ್ಲಿ ಚೆನ್ನಾಗಿ ಮಾರಿದವರ ಹೆಸರು, ಫೋಟೊ ಹಾಕಿಸಿದಳು. 1954ರಿಂದ ಫ್ಲಾರಿಡಾದ ಕಿಸಿಮ್ಮಿಯಲ್ಲಿದ್ದ ಮುಖ್ಯ ಕಚೇರಿಯಲ್ಲಿ ವರ್ಷಕ್ಕೊಂದು ಜಾತ್ರೆಯನ್ನೇ ಮಾಡಿದಳು. ಹೆಸರು ಜುಬಿಲಿ. ನೆಲದಲ್ಲಿ ಬೆಲೆಬಾಳುವ ಉಡುಗೊರೆಗಳನ್ನು ಹೂತು, ಕೈಗೆ ಸಲಿಕೆ ಕೊಟ್ಟು ಅಗೆಯಿರಿ ಅಂದಳು. ತನ್ನದೇ ಬಟ್ಟೆಗಳನ್ನು ಬಹುಮಾನವಾಗಿ ಕೊಟ್ಟದ್ದೂ ಉಂಟು. ಅರ್ಲ್ ಟಪ್ಪರ್ ಮಾಡಿದ ಮೊದಲ ಡಬ್ಬಿಗಳ ಕಾಲದ್ದು ಅನ್ನುತ್ತಿದ್ದ ಒಂದು ಕಪ್ಪು ಗಸಿಯ ಉಂಡೆ ಅವಳ ಹತ್ತಿರ ಇತ್ತು. ಅದನ್ನು ಊರೂರಿಗೆ ಒಯ್ದು, ಮುಟ್ಟಿ ಮನಸ್ಸಿನಲ್ಲಿ ಏನಾದರೂ ಬೇಡಿಕೊಳ್ಳಿ ಅನ್ನುತ್ತಿದ್ದಳು. ನಮ್ಮವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ, ಅಲ್ವಾ?

1954ರ ಹೊತ್ತಿಗೆ ಆ ಜಾಲದಲ್ಲಿ ಸುಮಾರು 20,000 ಜನ ಇದ್ದರು. ಅದೇ ವರ್ಷ ಏಪ್ರಿಲ್‌ನಲ್ಲಿ ಬಿಸಿನೆಸ್ ವೀಕ್ ಪತ್ರಿಕೆಯ ಮುಖಪುಟದಲ್ಲಿ ಬ್ರೌನಿಯ ಫೋಟೊ ಬಂತು. ಆ ಪತ್ರಿಕೆಯ ಮುಖಪುಟಕ್ಕೆ ಬಂದ ಮೊದಲ ಹೆಂಗಸು ಅವಳೇ.

ಇದರಲ್ಲಿ ಎಲ್ಲವೂ ಒಳ್ಳೆಯದೇ ಇತ್ತು ಅಂತ ನಾನು ಹೇಳುವುದಿಲ್ಲ. ಆ 20,000 ಜನ ಕಂಪನಿಯ ನೌಕರರಲ್ಲ. ಮಾರಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಹುಷಾರಿಲ್ಲದಿದ್ದರೆ ರಜೆ ಅನ್ನುವುದೇ ಇಲ್ಲ. ಗೆಳತಿಯ ಮನೆಗೆ ಹೋಗಿ, ಅವಳ ಕಾಫಿ ಕುಡಿದು, ಏನೂ ಕೊಳ್ಳದೆ ಎದ್ದು ಬರುವುದು ಕಷ್ಟ. ಸ್ನೇಹವನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರ ಅದು. ಚಿಕ್ಕಮ್ಮನ ಪಾರ್ಟಿಗಳಲ್ಲೂ ದಾಕ್ಷಿಣ್ಯಕ್ಕೆ ಒಂದು ಚಿಕ್ಕ ಡಬ್ಬಿ ಕೊಂಡವರನ್ನು ನಾನು ನೋಡಿದ್ದೇನೆ. ಪ್ಲಾಸ್ಟಿಕ್ಕು ಮಣ್ಣಿಗೆ, ನೀರಿಗೆ ಏನು ಮಾಡಿತು ಅನ್ನುವುದೂ ನಮ್ಮ ಕಣ್ಣ ಮುಂದೆಯೇ ಇದೆ. ಇಷ್ಟೆಲ್ಲ ಗೊತ್ತಿದ್ದೂ ಹೇಳುತ್ತೇನೆ, ಆ ಹೆಂಗಸರಲ್ಲಿ ಎಷ್ಟೋ ಜನರಿಗೆ ಯಾರನ್ನೂ ಕೇಳದೆ ಖರ್ಚು ಮಾಡುವ ಮೊದಲ ದುಡ್ಡು ಸಿಕ್ಕಿದ್ದು ಅಲ್ಲಿಂದಲೇ. ಆ ದುಡ್ಡಿನ ರುಚಿ ಏನು ಅಂತ ಚಿಕ್ಕಮ್ಮನ ಮುಖದಲ್ಲಿ ಕಂಡಿದ್ದೇನೆ.

ಬ್ರೌನಿಗೆ ಆದದ್ದು ನೋಡಿ. ಪತ್ರಿಕೆಗಳೆಲ್ಲ ಅವಳ ಬಗ್ಗೆಯೇ ಬರೆಯುತ್ತಿದ್ದವು. ಟಪ್ಪರ್‌ಗೂ ಅವಳಿಗೂ ಮನಸ್ತಾಪ ಬೆಳೆಯಿತು. 1958ರ ಜನವರಿಯಲ್ಲಿ ಅವಳನ್ನು ಕೆಲಸದಿಂದ ತೆಗೆದರು. ಕಂಪನಿಯಲ್ಲಿ ಅವಳ ಹೆಸರಿಗೆ ಒಂದು ಷೇರೂ ಇರಲಿಲ್ಲ. ವಾಸವಿದ್ದ ಮನೆಯೂ ಅವಳದಲ್ಲ. ಕೊನೆಗೆ ಸಿಕ್ಕಿದ್ದು ಒಂದು ವರ್ಷದ ಸಂಬಳ, ಸುಮಾರು 30,000 ಡಾಲರ್. ಅದೇ ವರ್ಷ ಟಪ್ಪರ್ ಕಂಪನಿಯನ್ನು ರೆಕ್ಸಾಲ್ ಅನ್ನುವ ಔಷಧಿ ಅಂಗಡಿಗಳ ಕಂಪನಿಗೆ 1 ಕೋಟಿ 60 ಲಕ್ಷ ಡಾಲರ್‌ಗೆ ಮಾರಿದ. ಬ್ರೌನಿ ಸೌಂದರ್ಯ ಸಾಮಗ್ರಿಗಳ ಕಂಪನಿ ಶುರು ಮಾಡಿದಳು. ನಡೆಯಲಿಲ್ಲ. ಆಮೇಲೆ ಕಿಸಿಮ್ಮಿಯಲ್ಲೇ ಇದ್ದು, ಮಣ್ಣಿನ ಪಾತ್ರೆ ಮಾಡುತ್ತಾ, 1992ರಲ್ಲಿ ತೀರಿಕೊಂಡಳು. 2024ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಎಷ್ಟೋ ಜನ ನೆನಪುಗಳನ್ನು ಬರೆದರು. ನನ್ನ ಗುರುತಿನವರಲ್ಲಿ ಒಬ್ಬರೂ ಅವಳ ಹೆಸರು ಎತ್ತಲಿಲ್ಲ.

ಡಬ್ಬಿ ಮಾಡಿದವನನ್ನು ನಾವು ಸಂಶೋಧಕ ಅನ್ನುತ್ತೇವೆ. ಸರಿ, ಅವನು ಸಂಶೋಧಕನೇ. ಹಾಗಾದರೆ ಕೊಳ್ಳುವವರಿಲ್ಲದೆ ಬಿದ್ದಿದ್ದ ಅದನ್ನು ಲಕ್ಷಾಂತರ ಅಡುಗೆಮನೆಗೆ ಮುಟ್ಟಿಸಿದವಳು ಏನು? ಅವಳು ಮಾಡಿದ್ದು ಬರೀ ಮಾತು, ಬರೀ ಪಾರ್ಟಿಯಾ? ಹೇಳಿಕೊಡುವುದು, ಜನರನ್ನು ಸೇರಿಸುವುದು, ಹೆದರಿದವಳಿಗೆ ಧೈರ್ಯ ಹೇಳಿ ನಾಲ್ಕು ಜನರ ಮುಂದೆ ನಿಲ್ಲಿಸುವುದು, ಇದೆಲ್ಲ ದುಡಿಮೆ. ಇದನ್ನು ದುಡಿಮೆ ಅಂತಲೇ ಕರೆಯಬೇಕು. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಮೊನ್ನೆ ಚಿಕ್ಕಮ್ಮನ ಮನೆಯ ಅಟ್ಟ ಖಾಲಿ ಮಾಡಲು ಹೋಗಿದ್ದೆ. ಸ್ಟೀಲ್ ಪಾತ್ರೆಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಕೆತ್ತಿಸಿದ ಹೆಸರು, ತಾರೀಖು. ಪ್ಲಾಸ್ಟಿಕ್ ಡಬ್ಬಿಗಳ ತಳದಲ್ಲಿ ಟಪ್ಪರ್ ಹೆಸರು. ಅಕ್ಕಪಕ್ಕದ ಮನೆಗೆ ತಿಂಡಿ ಕಳಿಸಿದಾಗ ಕಳೆದುಹೋಗಬಾರದು ಅಂತ ಮುಚ್ಚಳಗಳ ಮೇಲೆ ಚಿಕ್ಕಮ್ಮ ನೇಲ್ ಪಾಲಿಶ್‌ನಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಬರೆದಿದ್ದರು. ಇಪ್ಪತ್ತು ವರ್ಷ ತೊಳೆದರೂ ಪೂರ್ತಿ ಹೋಗಿಲ್ಲ. ಅಲ್ಲೇ ನೆಲದ ಮೇಲೆ ಕೂತು ಬ್ರೌನಿ ವೈಸ್ ಕಥೆಯನ್ನೆಲ್ಲ ಹೇಳಿದೆ. ದ್ರಾಕ್ಷಿ ರಸ ಎಸೆದದ್ದು ಕೇಳಿ ಚಿಕ್ಕಮ್ಮನಿಗೆ ಖುಷಿಯಾಯಿತು. "ನಾನು ನೀರಲ್ಲೇ ಮಾಡ್ತಿದ್ದೆ, ರಸ ಹಾಕೋಕೆ ಧೈರ್ಯ ಬರ್ತಿರಲಿಲ್ಲ" ಅಂದರು.

ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಒತ್ತಿ, ಅಂಚೆತ್ತಿ, ಗಾಳಿ ಬಿಟ್ಟು ಮುಚ್ಚಿದರು. ಆಮೇಲೆ ಕೇಳಿದರು:

"ಆಯಮ್ಮಂಗೆ ಪಿಂಚಣಿ ಏನಾದ್ರೂ ಬಂತಂತಾ?"

ಇಲ್ಲ ಚಿಕ್ಕಮ್ಮ, ಅಂದೆ.