ಆನೆ ಹೊಟ್ಟೆಯ ಕೆಳಗೆ

ಬೀದಿ ಬೀದಿಯಲ್ಲಿ ದೊಡ್ಡ ಗೊಂಬೆ ಪ್ರಾಣಿಗಳನ್ನು ನಿಲ್ಲಿಸಿ, ಒಂದೊಂದಕ್ಕೂ ಒಬ್ಬೊಬ್ಬ ಕಲಾವಿದರಿಂದ ಬಣ್ಣ ಹೊಡೆಸಿ, ಕೊನೆಗೆ ಹರಾಜು ಹಾಕಿ ಒಳ್ಳೆಯ ಕೆಲಸಕ್ಕೆ ದುಡ್ಡು ಕೂಡಿಸುವುದು ಈಗ ಎಷ್ಟೋ ನಗರಗಳಲ್ಲಿದೆ. 1998ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹಸುಗಳು ಬೀದಿಗಿಳಿದವು. ಮರುವರ್ಷ ಶಿಕಾಗೋದಲ್ಲಿ 300ಕ್ಕೂ ಹೆಚ್ಚು ಹಸುಗಳು. 2010ರಲ್ಲಿ ಲಂಡನ್‌ನಲ್ಲಿ 250ಕ್ಕೂ ಹೆಚ್ಚು ಮರಿ ಆನೆಗಳು. ಫೋಟೋಗಳಲ್ಲಿ ಎಲ್ಲವೂ ಲಕಲಕ ಅಂತ ಹೊಳೆಯುತ್ತವೆ. ಅವುಗಳ ಹೊಟ್ಟೆ ಕೆಳಗೆ ಅಂಗಾತ ಮಲಗಿದವರ ಫೋಟೋ ಮಾತ್ರ ನಾನು ಎಲ್ಲೂ ನೋಡಿಲ್ಲ.

ನನ್ನ ಪಾಲಿಗೆ ಬಂದಿದ್ದೂ ಆನೆಯೇ. ಫೈಬರ್‌ಗ್ಲಾಸ್‌ನದು, ಸುಮಾರು 5 ಅಡಿ ಎತ್ತರ. ಒಳಗೆ ಟೊಳ್ಳು, ಹಾಗಾಗಿ ನಾಲ್ಕು ಜನ ಸೇರಿದರೆ ಎತ್ತಬಹುದು. ಎತ್ತಿದರು, ಬಾಗಿಲ ತನಕ ತಂದರು. ಆನೆ ಹೋಯ್ತು, ಬಾಲ ಸಿಕ್ಕಿಕೊಂಡಿತು ಅಂತಾರಲ್ಲ? ಇಲ್ಲಿ ಬಾಲ ಸಲೀಸಾಗಿ ಒಳಗೆ ಹೋಯಿತು. ಸಿಕ್ಕಿಕೊಂಡಿದ್ದು ಕಿವಿ. "ಸ್ವಲ್ಪ ಓರೆ ಮಾಡಿ", "ಸೊಂಡಿಲು ಜೋಪಾನ", "ಯಾರ್ರೀ ಅದು ನನ್ನ ಕಾಲು ತುಳಿದಿದ್ದು?" "ಆನೆ ಸಾರ್!" ಕೊನೆಗೆ ಬಾಗಿಲನ್ನೇ ಕೀಲಿನಿಂದ ಕಳಚಿ ಪಕ್ಕಕ್ಕಿಟ್ಟರು.

ಬಣ್ಣ ಹೊಡೆಯುವ ಮೊದಲು ಉಜ್ಜಬೇಕು. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಸವರುವ ಮೇಣ ಮೈಮೇಲೆ ಉಳಿದುಬಿಟ್ಟರೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಅದಕ್ಕೇ ಒರೆಸಿ, ಉಪ್ಪುಕಾಗದದಿಂದ ಮೈಯೆಲ್ಲ ತಿಕ್ಕಿ, ಪ್ರೈಮರ್ ಬಳಿದೆ. ಮಾಸ್ಕ್ ಹಾಕಿಕೊಂಡಿದ್ದರೂ ಸಂಜೆ ಹೊತ್ತಿಗೆ ಆನೆಗಿಂತ ನಾನೇ ಬಿಳಿ.

ಅರ್ಜಿಯ ಜೊತೆ ಕೊಟ್ಟಿದ್ದ ಹಾಳೆಯಲ್ಲಿ ಎರಡೇ ಚಿತ್ರ. ಆನೆಯ ಎಡಮಗ್ಗುಲು, ಬಲಮಗ್ಗುಲು. ಬಾಲದ ಬುಡದಿಂದ ಹೊರಟು ಬೆನ್ನು ದಾಟಿ ಹಣೆ ತನಕ ಸಾಲಾಗಿ ಹಾರುವ ಹಕ್ಕಿಗಳನ್ನು ಬರೆದುಕೊಟ್ಟಿದ್ದೆ. ಹಾಳೆಯ ಮೇಲೆ ಸಾಲು ನೆಟ್ಟಗಿತ್ತು. ಆದರೆ ಆನೆಯ ಮೈಯಲ್ಲಿ ಚಪ್ಪಟೆ ಜಾಗ ಅನ್ನೋದೇ ಇಲ್ಲ. ಭುಜದ ಹತ್ತಿರ ಬಂದ ಹಕ್ಕಿ ಉಬ್ಬಿತು. ಕಿವಿಯ ಹಿಂದೆ ತಿರುಗಿದ್ದಕ್ಕೆ ಒಂದು ರೆಕ್ಕೆ ಗೇಣುದ್ದ, ಇನ್ನೊಂದು ಬೆರಳುದ್ದ. ನೋಡಲು ಬಂದವರೊಬ್ಬರು, "ಬಾವಲಿ ತುಂಬಾ ಚೆನ್ನಾಗಿ ಬಂದಿದೆ" ಅಂದರು. ಥ್ಯಾಂಕ್ಸ್ ಹೇಳಿದೆ. ಇನ್ನೇನು ಹೇಳೋದು?

ಹೊಟ್ಟೆಯ ಸಂಗತಿ ಆ ಹಾಳೆಯಲ್ಲಿ ಇರಲೇ ಇಲ್ಲ. "ಅಲ್ಲಿ ಯಾರು ನೋಡ್ತಾರೆ, ಸುಮ್ನೆ ಒಂದು ಬೂದುಬಣ್ಣ ಬಳಿದುಬಿಡಿ" ಅಂತ ಸಲಹೆ ಕೊಡದವರೇ ಇಲ್ಲ. ನನಗೆ ಒಪ್ಪಿಗೆಯಾಗಲಿಲ್ಲ. ಹೊಟ್ಟೆ ಕಾಣಿಸದಿರೋದು ದೊಡ್ಡವರಿಗೆ. ಮೂರು ವರ್ಷದ ಮಗುವಿನ ಕಣ್ಣಿಗೆ ಬೆನ್ನು ಕಾಣಿಸುವುದೇ ಇಲ್ಲ, ಹೊಟ್ಟೆಯೇ ಆಕಾಶ. ಮೋಡ, ಗಾಳಿಪಟ, ಇನ್ನಷ್ಟು ಹಕ್ಕಿ, ಎಲ್ಲ ಅಲ್ಲೇ ಅಂತ ತೀರ್ಮಾನ ಮಾಡಿದೆ.

ಮಾಡಿದ ಮೇಲೆ ಚಾಪೆ ಹಾಸಿ ಮಲಗಿದೆ. ಮೇಲ್ಮುಖವಾಗಿ ಬಳಿದ ಬಣ್ಣ ಕುಂಚದ ಹಿಡಿಯಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ, ಅಲ್ಲಿಂದ ತೋಳಿನ ಸಂದಿಗೆ ನಿಧಾನವಾಗಿ ಪ್ರಯಾಣ ಮಾಡುತ್ತದೆ. ಅಕ್ರಿಲಿಕ್ ಬಣ್ಣ ನೀರಾರುತ್ತಲೇ ಒಣಗಿಬಿಡುತ್ತದಂತೆ. ನಿಜ. ನನ್ನ ಕನ್ನಡಕದ ಮೇಲೆ ಬಿದ್ದಿದ್ದು ತಕ್ಷಣ ಒಣಗಿತು. ಆನೆ ಹೊಟ್ಟೆಯ ಮೇಲಿದ್ದದ್ದು ನಾನು ಬಾಯಿ ತೆರೆಯುವುದನ್ನೇ ಕಾಯುತ್ತಿತ್ತು. ಡಬ್ಬಿ ಮೇಲೆ ಡಬ್ಬಿ ನೀಲಿ ಖಾಲಿಯಾಯಿತು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂದವರು ಖಂಡಿತ ಪೇಂಟರೇ ಇರಬೇಕು.

ಅಲ್ಲಿ ಮಲಗಿದ್ದವರಿಗೆ ಹೊರಗಿನ ಪ್ರಪಂಚ ಅಂದರೆ ಬರೀ ಪಾದಗಳು. ಷೂ ಬಂದು ನಿಂತು, "ಆನೆ ಕಪ್ಪಲ್ವಾ?" ಅಂತ ಕೇಳಿ ಹೋಗುತ್ತಿತ್ತು. ಚಪ್ಪಲಿ ಬಂದು, "ಎಷ್ಟು ಕೊಡ್ತಾರೆ ಇದಕ್ಕೆ?" ಅನ್ನುತ್ತಿತ್ತು. ಒಂದು ಸಲ ಪುಟ್ಟ ಬೂಟುಗಳ ಮೇಲೊಂದು ತಲೆಯೂ ಬಗ್ಗಿತು. "ಆಂಟಿ, ಆನೆ ನಿಮ್ಮ ಮೇಲೆ ಕೂತ್ಕೊಳ್ತಾ?"

ಇಷ್ಟೆಲ್ಲ ಆದ ಮೇಲೆ ವಾರ್ನಿಷ್. ಬಿಸಿಲು ಮಳೆಗೆ ಬಣ್ಣ ಹಾಳಾಗದಿರಲಿ ಅಂತ ಮೇಲೊಂದು ಪಾರದರ್ಶಕ ಪದರ ಕೊಡುತ್ತಾರೆ. ಅದನ್ನು ಹೊಡೆಯುವವರು ಬೇರೆ. ತೊಂದರೆ ಇದ್ದದ್ದು ಹಕ್ಕಿಗಳ ಕಣ್ಣಲ್ಲಿ. ಸಹಾಯಕ್ಕೆ ಬಂದ ಹುಡುಗ ಅವನ್ನು ಮಾರ್ಕರ್ ಪೆನ್ನಿನಲ್ಲಿ ಮುತ್ತಿನ ಹಾಗೆ ಇಟ್ಟಿದ್ದ. ವಾರ್ನಿಷ್‌ನಲ್ಲಿರುವ ದ್ರಾವಕಕ್ಕೆ ಕೆಲವು ಮಾರ್ಕರ್ ಶಾಯಿ ಕರಗಿಬಿಡುತ್ತದೆ. ಬೆಳಗ್ಗೆ ಹೋಗಿ ನೋಡಿದರೆ ಹಕ್ಕಿಗಳೆಲ್ಲ ಕೆನ್ನೆ ಮೇಲೆ ಕಪ್ಪು ಕಣ್ಣೀರು ಸುರಿಸುತ್ತಾ ಹಾರುತ್ತಿದ್ದವು. ಹುಡುಗನೂ ಹೆಚ್ಚುಕಡಿಮೆ ಅದೇ ಸ್ಥಿತಿಯಲ್ಲಿದ್ದ.

ಕೆನ್ನೆಗಳನ್ನು ಉಜ್ಜಿ, ಮತ್ತೆ ಬಣ್ಣ ಕೊಟ್ಟು, ಈ ಸಲ ಎಲ್ಲ ಹಕ್ಕಿಗಳ ಕಣ್ಣೂ ಮುಚ್ಚಿಸಿದೆವು. ಒಂದೊಂದು ಗೆರೆ, ಮುಗೀತು. ಆನೆ ಬೀದಿಗೆ ಹೋದ ಮೇಲೆ ಒಬ್ಬರು ಹಿರಿಯರು ಅದರ ಮುಂದೆ ಬಹಳ ಹೊತ್ತು ನಿಂತು, "ಫ್ರಿಗೇಟ್ ಹಕ್ಕಿಗಳು ಹಾರುತ್ತಲೇ ನಿದ್ದೆ ಮಾಡುತ್ತವೆ ಅಂತ 2016ರಲ್ಲಿ ವಿಜ್ಞಾನಿಗಳು ಹೇಳಿದ್ದಾರೆ. ನೀವು ಅದನ್ನೇ ತಂದಿದ್ದೀರಿ ಅಲ್ವಾ?" ಅಂದರು. ಹುಡುಗ ನನಗಿಂತ ಮೊದಲೇ "ಹೌದು ಸರ್" ಅಂದ.

ಹೊಟ್ಟೆಯ ವಿಚಾರದಲ್ಲಿ ನನ್ನ ಲೆಕ್ಕ ತಪ್ಪಲಿಲ್ಲ. ಮಕ್ಕಳು ಬೆನ್ನನ್ನು ತಿರುಗಿಯೂ ನೋಡದೆ ನೇರ ಕೆಳಗೆ ನುಗ್ಗುತ್ತಾರೆ. ಹೊರಗೆ ಎಳೆಯಲು ಬಗ್ಗಿದ ಅಪ್ಪ ಅಮ್ಮಂದಿರೂ ಅಲ್ಲೇ ಕೂತುಬಿಡುತ್ತಾರೆ. ಸುದ್ದಿ ಆಯೋಜಕರ ತನಕ ಹೋಗಿ, ಹರಾಜಿನ ಪುಸ್ತಕಕ್ಕೆ ಹೊಟ್ಟೆಯ ಫೋಟೋವೂ ಬೇಕು ಅಂತ ಛಾಯಾಗ್ರಾಹಕರನ್ನು ಕಳಿಸಿದರು. ಅಷ್ಟರಲ್ಲಿ ಆನೆಯನ್ನು ಕಾಂಕ್ರೀಟ್ ಪೀಠಕ್ಕೆ ಬೋಲ್ಟ್ ಹಾಕಿ ಬಿಗಿದಾಗಿತ್ತು. ಅವರು ಕ್ಯಾಮೆರಾ ಸಮೇತ ಕೆಳಗೆ ತೂರಿದರು, ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು. ಆಮೇಲೆ ಒಳಗಿಂದ ಧ್ವನಿ ಬಂತು.

"ಮೇಡಂ, ಎಲ್ಲ ಒಂದೇ ಫ್ರೇಮಲ್ಲಿ ಬರ್ತಿಲ್ಲ. ಆನೇನ ಒಂದು ನಿಮಿಷ ಎತ್ತಿ ಹಿಡ್ಕೊಳ್ಳೋಕಾಗುತ್ತಾ?"